ಹೆಸರು ಮುಚ್ಚಿದ ಹಾಳೆ

ಮಾತು ಕೊಡುವುದರಲ್ಲಿ ನಾನು ಎಂದೂ ಜಿಪುಣಿಯಲ್ಲ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಗಲಾಟೆ ಮಾಡದಿದ್ದರೆ ಐದು ನಿಮಿಷ ಮುಂಚೆ ಬಿಡುತ್ತೇನೆ, ಈ ಸಲ ನಿಮ್ಮಪ್ಪನಿಗೆ ಹೇಳುವುದಿಲ್ಲ, ಹೀಗೆ ದಿನಕ್ಕೆ ಹತ್ತು ಮಾತು ಕೊಟ್ಟಿದ್ದೇನೆ, ಬಹುಪಾಲು ಉಳಿಸಿಕೊಂಡೂ ಇದ್ದೇನೆ. ಉಳಿಸಿಕೊಳ್ಳದ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುವವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಬರೆಯುತ್ತಿದ್ದೇನೆ.

ಹತ್ತನೇ ತರಗತಿಗೆ ಆರು ವರ್ಷದಿಂದ ಒಂದೇ ಕಾದಂಬರಿ ಪಠ್ಯವಾಗಿದೆ. ಕಡಲ ದಂಡೆಯಲ್ಲಿ ದೀಪಸ್ತಂಭ ನೋಡಿಕೊಳ್ಳುವವನ ಮಗಳಾಗಿ ಬೆಳೆದ ಹುಡುಗಿಗೆ ಹದಿನೈದನೇ ವಯಸ್ಸಿನಲ್ಲಿ ತಾನು ಅವನ ಮಗಳಲ್ಲ, ಒಡೆದ ಹಡಗಿನಿಂದ ಉಳಿದುಬಂದ ಕೂಸು ಎಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಇನ್ನೂರು ಪುಟ ಅವಳು ‘ನಾನು ಯಾರು’ ಎಂದು ಹುಡುಕಾಡುತ್ತಾಳೆ. ನಮ್ಮ ಶಾಲೆಯ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ: ಈ ಹುಡುಕಾಟವನ್ನು ನಿಮ್ಮ ಬದುಕಿಗೆ ಅನ್ವಯಿಸಿ ಬರೆಯಿರಿ. ಇಪ್ಪತ್ತು ಅಂಕ.

ಮೊದಲ ವರ್ಷ ಮಕ್ಕಳು ಪೆನ್ನು ಕಚ್ಚಿಕೊಂಡು ಕೂತಿದ್ದರು. ನಾನು ಮೇಜಿನ ಮೇಲೆ ಕೈಯೂರಿ ಹೇಳಿದೆ: “ಮನಸ್ಸಲ್ಲಿ ಇರೋದನ್ನ ಬರೀರಿ. ನೀವು ಬರೆದದ್ದು ನನ್ನ ಕಣ್ಣು ದಾಟಿ ಹೋಗಲ್ಲ.”

ಆ ವರ್ಷ ಒಬ್ಬಳು ನಾಲ್ಕು ಪುಟ ಬರೆದಿದ್ದಳು. ಓದಿ ಕುಣಿಯುವಂತಾಯಿತು. ಎರಡು ಕಡೆ ಕೆಂಪಿನಲ್ಲಿ ಅಡಿಗೆರೆ ಎಳೆದೆ, ಕೊನೆಗೆ ‘ಪದಮಿತಿ ಮೀರಿದೆ’ ಎಂದು ಬರೆದು ಒಂದು ಅಂಕ ಕಳೆದು ಹತ್ತೊಂಬತ್ತು ಕೊಟ್ಟೆ. ಆಮೇಲೆ ನಮ್ಮ ಕಸುಬಿನವರೆಲ್ಲ ಮಾಡುವ ಕೆಲಸವನ್ನೇ ಮಾಡಿದೆ. ಹೆಸರಿದ್ದ ಜಾಗಕ್ಕೆ ಒಂದು ಬಿಳಿ ಚೀಟಿ ಅಂಟಿಸಿ, ಮುಂದಿನ ವರ್ಷದವರಿಗೆ ಮಾದರಿ ಉತ್ತರವೆಂದು ಜೆರಾಕ್ಸ್ ಮಾಡಿಸಿದೆ. ಹೆಸರು ಮುಚ್ಚಿದರೆ ಕೊಟ್ಟ ಮಾತು ಉಳಿಯಿತು ಎಂದು ನನ್ನ ಲೆಕ್ಕ. ವರ್ಷ ವರ್ಷ ಹಂಚುತ್ತ ಹೋದ ಹಾಗೆ ಅದನ್ನು ಬರೆದವಳು ಯಾರೆಂದು ನನಗೇ ಮರೆತುಹೋಯಿತು. ವಾಕ್ಯಗಳು ಮಾತ್ರ ಬಾಯಿಪಾಠವಾಗಿದ್ದವು.

ಈ ವರ್ಷದ ತರಗತಿಯಲ್ಲಿ ಒಬ್ಬಳಿದ್ದಾಳೆ. ಸ್ಟಾಫ್ ರೂಮಿನಲ್ಲಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದೇವೆ, ಯಾಕೆಂದರೆ ಆಫ್ ಮಾಡುವ ಗುಂಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಅವಳ ಅಕ್ಷರ ಕೋಳಿ ಕೆದರಿದ ಹಾಗೆ. ಆದರೆ ನೋಟ್‌ಬುಕ್ಕುಗಳ ಲೇಬಲ್ಲುಗಳು ಮಾತ್ರ ಅಚ್ಚು ಹೊಡೆದಂತೆ ಇರುತ್ತಿದ್ದವು.

“ಇದು ನಿನ್ನ ಅಕ್ಷರ ಅಲ್ಲ,” ಎಂದು ವರ್ಷದ ಮೊದಲಲ್ಲೇ ಕೇಳಿದ್ದೆ.

“ಅಕ್ಕಂದು ಮಿಸ್. ನನ್ನ ಮರ್ಯಾದೆ ಉಳಿಸೋ ಇಲಾಖೆ ಅವಳದ್ದು.”

ಕಾದಂಬರಿಯ ಆ ಭಾಗ ಪಾಠ ಮಾಡಿದ ದಿನ ಎಲ್ಲರಿಗಿಂತ ಮುಂಚೆ ಕೈಯೆತ್ತಿದವಳೂ ಅವಳೇ. “ಮಿಸ್, ಆ ಹುಡುಗಿ ಆರಾಮಾಗಿ ಇದ್ಲು. ಆ ಮೀನುಗಾರ ಮುದುಕ ಬಂದು ಹೇಳಿದ್ದಕ್ಕೆ ತಾನೇ ಇಷ್ಟೆಲ್ಲ ಆಗಿದ್ದು? ಅವನಿಗೆ ಯಾಕೆ ಬೇಕಿತ್ತು ಊರ ಉಸಾಬರಿ?”

ತರಗತಿ ನಕ್ಕಿತು. ನಾನು ನಗಲಿಲ್ಲ. ಕನ್ನಡಕ ತೆಗೆದು, ನನ್ನ ಅತಿ ಗಂಭೀರ ದನಿಯಲ್ಲಿ ಹೇಳಿದೆ: “ಸುಳ್ಳಿನ ಮೇಲೆ ನಿಂತ ಆರಾಮ ಆರಾಮವಲ್ಲ. ಸತ್ಯ ತಿಳಿದ ದಿನವೇ ಅವಳು ದೊಡ್ಡವಳಾಗಿದ್ದು.” ಮಕ್ಕಳು ಅದನ್ನು ಬರೆದುಕೊಂಡರು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಆ ಗಳಿಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಮಾದರಿ ಉತ್ತರ ಹಂಚಿ, ಮೊದಲ ಪ್ಯಾರಾ ನಾನೇ ಗಟ್ಟಿಯಾಗಿ ಓದಿದೆ.

‘ನನ್ನ ತಂಗಿ ನಮ್ಮ ಮನೆಗೆ ಬಂದ ದಿನ ನನಗೆ ನೆನಪಿದೆ. ನೆನಪಿಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ಆಗ ನನಗೆ ಐದು ವರ್ಷ. ಅತ್ತೆ ಅವಳನ್ನು ಹಳದಿ ಟವೆಲ್ಲಿನಲ್ಲಿ ಸುತ್ತಿ ತಂದು ಅಮ್ಮನ ಮಡಿಲಿಗೆ ಹಾಕಿ ಹೋದರು, ಮತ್ತೆ ಬರಲಿಲ್ಲ. ಅಪ್ಪ ನನ್ನನ್ನು ಎತ್ತಿಕೊಂಡು, ಇವಳು ನಿನ್ನ ತಂಗಿ, ಅಷ್ಟೇ, ಎಂದರು. ಆ ಅಷ್ಟೇ ಅನ್ನುವುದರ ಒಳಗೆ ನಾನು ಹತ್ತು ವರ್ಷದಿಂದ ಇದ್ದೇನೆ. ನಾನು ಅವಳ ಅಕ್ಕನೋ, ಅಥವಾ ಅವಳ ಗುಟ್ಟಿನ ಕಾವಲುಗಾರ್ತಿಯೋ?’

“ನೋಡಿ, ಎಲ್ಲಾದ್ರೂ ಒಂದು ಕಷ್ಟದ ಪದ ಇದೆಯಾ?” ಎಂದೆ. “ಹೀಗೆ ಬರೀಬೇಕು.”

ರೇಡಿಯೋ ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದಳು. ಬಹಳ ಹೊತ್ತಿನ ಮೇಲೆ ಎದ್ದು ನಿಂತಳು.

“ಯಾರು ಬರೆದಿದ್ದು ಮಿಸ್?”

“ಯಾರು ಅನ್ನೋದು ಬೇಡ. ಹೇಗೆ ಅನ್ನೋದು ನೋಡು.”

“ನಿಜಾನಾ, ಇಲ್ಲ ಕಟ್ಟಿದ್ದಾ?”

ನಾನು ಯೋಚಿಸಲೂ ಇಲ್ಲ. “ನಿಜವೇ. ಕಟ್ಟಿದ ಮಾತಾಗಿದ್ರೆ ನಾನು ಹತ್ತೊಂಬತ್ತು ಕೊಡ್ತಿರಲಿಲ್ಲ. ಸುಳ್ಳು ಬರೆದವರನ್ನ ನಾನು ಎರಡನೇ ಸಾಲಲ್ಲೇ ಹಿಡೀತೀನಿ.”

ಅವಳು ಕೂತಳು. ಗಂಟೆ ಹೊಡೆಯುವವರೆಗೂ ರೇಡಿಯೋ ಬಾಯಿ ಬಿಡಲಿಲ್ಲ. ಕೊನೆಗೂ ಪಾಠ ತಲೆಗೆ ಹತ್ತಿತು ಎಂದು ನಾನು ಬೀಗಿದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ಕುಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದೆ. ಅವಳ ಪುಸ್ತಕ ಮೇಲೆ ಬಂತು. ಪಕ್ಕದಲ್ಲೇ ಮಾದರಿ ಉತ್ತರದ ಒಂದು ಪ್ರತಿ ಬಿದ್ದಿತ್ತು. ಲೇಬಲ್ಲು ನೋಡಿದೆ, ಹಾಳೆ ನೋಡಿದೆ. ಎರಡೂ ಒಂದೇ ಅಕ್ಷರ.

ಬೀರುವಿನಿಂದ ಹಳೆಯ ಫೈಲು ತೆಗೆದು ಮೂಲ ಉತ್ತರಪತ್ರಿಕೆ ಹುಡುಕಿದೆ. ಬಿಳಿ ಚೀಟಿಯನ್ನು ಉಗುರಿನಿಂದ ಕೆರೆದೆ. ಅಂಟು ಒಣಗಿತ್ತು, ಸಲೀಸಾಗಿ ಬಂತು. ಅಡಿಯಲ್ಲಿದ್ದ ಹೆಸರಿನ ಮುಂದೆ ತಂದೆಯ ಹೆಸರೂ ಇತ್ತು. ಹಾಜರಿ ಪುಸ್ತಕದಲ್ಲಿ ರೇಡಿಯೋಳ ಮುಂದೆ ಇರುವುದೂ ಅದೇ ಹೆಸರು.

ಏಳೆಂಟು ತಿಂಗಳಿಂದ ಆ ಅಕ್ಷರ ವಾರಕ್ಕೊಮ್ಮೆ ನನ್ನ ಮೇಜಿನ ಮೇಲೆ ಬರುತ್ತಿತ್ತು. ಐದು ವರ್ಷದ ಹಿಂದೆ ಒಂದು ಮಗು ನನ್ನೊಬ್ಬಳನ್ನೇ ನಂಬಿ ತನ್ನ ಮನೆಯ ಗುಟ್ಟು ಬಿಚ್ಚಿಟ್ಟಿತ್ತು. ನಾನು ಶೈಲಿ ಚೆನ್ನಾಗಿದೆ ಎಂದು ಬೆನ್ನು ತಟ್ಟಿಕೊಂಡಿದ್ದೆ. ಆ ಹುಡುಗಿಯನ್ನು ಕರೆದು, ಹೇಗಿದ್ದೀಯಮ್ಮ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಅವರ ಮನೆಯ ಫೋನ್ ನಂಬರು ಕಣ್ಣೆದುರಿಗೇ ಇತ್ತು. ನಾನು ಮಾಡಲಿಲ್ಲ. ಅಮ್ಮ ಎತ್ತಿದರೆ ಏನು ಹೇಳಲಿ ಎಂದು ನೆಪ ಹುಡುಕಿಕೊಂಡೆ. ಹೆದರಿಕೆ ಅನ್ನುವುದೇ ಸರಿಯಾದ ಮಾತು.

ಮೂರನೇ ದಿನ ಊಟದ ಬಿಡುವಿನಲ್ಲಿ ಅಕ್ಕ ಬಂದಳು. ಇಪ್ಪತ್ತರ ಹುಡುಗಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳಂತೆ. ಬಿಳಿ ಕೋಟು ಮಡಚಿ ತೋಳಿಗೆ ಹಾಕಿಕೊಂಡಿದ್ದಳು. ಕಾರಿಡಾರಿನ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ನಾಲ್ಕಾಗಿ ಮಡಚಿದ ಜೆರಾಕ್ಸ್ ಹಾಳೆಯನ್ನು ನನ್ನ ಕೈಗಿಟ್ಟಳು.

“ನನ್ನ ಕಣ್ಣು ದಾಟಿ ಹೋಗಲ್ಲ ಅಂದಿದ್ರಿ ಮಿಸ್.”

“ಹೆಸರು ಮುಚ್ಚಿದ್ದೆ ಕಣಮ್ಮ.” ಎಂಥ ಹೊತ್ತಿನಲ್ಲೂ ಮನುಷ್ಯ ಮೊದಲು ತನ್ನ ಪರವಾಗಿಯೇ ವಕೀಲಿ ಮಾಡುತ್ತಾನೆ.

“ದಿನಾ ಇನ್ನೂರು ಟ್ಯೂಬಿಗೆ ಹೆಸರು ಅಂಟಿಸ್ತೀನಿ ಮಿಸ್. ಒಂದು ಆಚೀಚೆ ಆದ್ರೂ ನಮ್ಮನ್ನ ಮನೆಗೆ ಕಳಿಸ್ತಾರೆ.” ದನಿ ಏರಿಸದೆ ಹೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಾಠ ಆದ ದಿನ ಸಂಜೆಯೇ ತಂಗಿ ಹಾಳೆ ತೋರಿಸಿ ಕೇಳಿದ್ದಳಂತೆ. ಅಂಕಕ್ಕೋಸ್ಕರ ಕಟ್ಟಿದ ಕಥೆ ಎಂದು ಇವಳು ಹೇಳಿದಳಂತೆ. “ಅದಕ್ಕವಳು, ನಿಜ ಅಂತ ಮಿಸ್ ಹೇಳಿದ್ರು, ಸುಳ್ಳಾಗಿದ್ರೆ ಅವರು ಹಿಡೀತಾರಂತೆ ಅಂದ್ಲು. ಅದಕ್ಕೆ ನಾನು ಏನು ಹೇಳ್ಲಿ? ಮೂರು ದಿನದಿಂದ ಹೊಟ್ಟೆನೋವು ಅಂತ ಮಲಗಿದ್ದಾಳೆ. ಅಪ್ಪ ಅಮ್ಮನ ಹತ್ರ ಇನ್ನೂ ಬಾಯಿ ಬಿಟ್ಟಿಲ್ಲ. ನನಗೆ ಗೊತ್ತಿದೆ ಅನ್ನೋದೇ ಅವರಿಗೆ ಗೊತ್ತಿಲ್ಲ ಮಿಸ್. ಅಮ್ಮನಿಗೆ ಅವಳಂದ್ರೆ ಪ್ರಾಣ. ಅವಳೇನಾದ್ರೂ ಅಮ್ಮನ ಮುಖ ನೋಡಿ ಕೇಳಿಬಿಟ್ರೆ...”

ಅವಳು ಅಲ್ಲಿಗೆ ನಿಲ್ಲಿಸಿ, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನೀರು ನಿಲ್ಲಿಸಿದಳು.

“ನಾನು ಏನು ಮಾಡ್ಬೇಕು ಹೇಳಮ್ಮ.”

“ನಾಳೆ ಅವಳನ್ನ ಕಳಿಸ್ತೀನಿ. ಅದು ಕಟ್ಟುಕಥೆ, ನನಗೇ ತಪ್ಪು ತಿಳುವಳಿಕೆ ಆಗಿತ್ತು ಅಂತ ಹೇಳಿ. ನೀವು ಹೇಳಿದ್ದನ್ನ ನಂಬಿದ್ದಾಳೆ. ನೀವೇ ಹೇಳಿದ್ರೆ ಇದನ್ನೂ ನಂಬ್ತಾಳೆ.”

ಸತ್ಯ ತಿಳಿದ ದಿನವೇ ದೊಡ್ಡವಳಾಗಿದ್ದು ಎಂದು ಬರೆಸಿದವಳು ನಾನೇ ಅಲ್ಲವೇ? ಆಗಲಿ ಎಂದೆ. ಮೂಲ ಹಾಳೆಯನ್ನು ತಂದು ಅವಳಿಗೆ ಕೊಟ್ಟೆ. ಅವಳು ಕೊನೆಯ ಪುಟ ತಿರುಗಿಸಿ, ನನ್ನ ಕೆಂಪು ಅಕ್ಷರ ನೋಡಿ, “ಪದಮಿತಿ ಮೀರಿದೆ,” ಎಂದು ಓದಿ, ಅದನ್ನು ಕೋಟಿನ ಒಳಗಿಟ್ಟುಕೊಂಡು ಹೋದಳು.

ಆ ಸಂಜೆ ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿಯೂ ಒಂದು ಪ್ರತಿ ಇಟ್ಟುಕೊಂಡಿದ್ದ ಅಂಗಡಿಯವನು ಹಲ್ಲು ಕಿರಿದು, “ಆ ತಂಗಿ ಹಾಳೆ ತಾನೇ ಮೇಡಂ? ಟ್ಯೂಷನ್‌ನವರೂ ಕೇಳ್ಕೊಂಡು ಬರ್ತಾರೆ,” ಎಂದ. ಇಸಿದುಕೊಂಡು ಅಲ್ಲೇ ಹರಿದೆ. ತರಗತಿಯಲ್ಲಿ ಹಂಚಿದ್ದನ್ನೂ ಏನೋ ಸಬೂಬು ಹೇಳಿ ವಾಪಸ್ ತೆಗೆದುಕೊಂಡೆ. ಐದು ವರ್ಷದಲ್ಲಿ ಹೊರಗೆ ಹೋದದ್ದು ಎಷ್ಟೋ, ಎಲ್ಲೆಲ್ಲಿಗೋ.

ಮರುದಿನ ರೇಡಿಯೋ ಬಂದಳು. ಗ್ರಂಥಾಲಯದಲ್ಲಿ, ಭೂಪಟಗಳನ್ನು ಸುತ್ತಿಟ್ಟ ಮೂಲೆಯಲ್ಲಿ ಅವಳನ್ನು ಕೂರಿಸಿಕೊಂಡೆ. ರಾತ್ರಿಯಿಡೀ ಅಭ್ಯಾಸ ಮಾಡಿದ ಮಾತು ಒಪ್ಪಿಸಿದೆ. ಆ ಉತ್ತರ ಬರೀ ಕಲ್ಪನೆ, ಮಕ್ಕಳು ಅಂಕಕ್ಕಾಗಿ ಏನೇನೋ ಹೆಣೆಯುತ್ತಾರೆ, ನಾನೂ ಮೋಸಹೋದೆ, ನಿಮ್ಮಕ್ಕ ಬುದ್ಧಿವಂತೆ.

ಅವಳು ಪೂರ್ತಿ ಕೇಳಿಸಿಕೊಂಡಳು.

“ಮಿಸ್, ನೀವು ದೊಡ್ಡ ಮಾತು ಹೇಳೋವಾಗ ಕನ್ನಡಕ ತೆಗೀತೀರಿ. ಬೈಯುವಾಗ ಹಾಕ್ಕೋತೀರಿ. ಈಗ ಆರು ಸಲ ತೆಗೆದು ಹಾಕಿದ್ರಿ.”

ನಾನು ಕನ್ನಡಕವನ್ನು ಮೇಜಿನ ಮೇಲಿಟ್ಟೆ.

“ಅಕ್ಕ ಬಂದಿದ್ಲಾ?”

ನಾನು ಭೂಪಟಗಳ ಕಡೆ ನೋಡಿದೆ. ಅವಳು ಒಂದು ಭೂಪಟದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

“ಹಳದಿ ಟವೆಲ್ ಇನ್ನೂ ಇದೆ ಮಿಸ್. ಅಮ್ಮ ಬೀರುವಲ್ಲಿ ಇಟ್ಕೊಂಡಿದ್ದಾರೆ. ನೀನು ಹುಟ್ಟಿದಾಗ ತಂದಿದ್ದು ಅಂತಾರೆ.” ಬೆರಳಿನ ದಾರ ಬಿಚ್ಚುತ್ತ ಹೇಳಿದಳು: “ಅಕ್ಕನಿಗೆ ಫೋನ್ ಮಾಡಿ. ನಾನು ನಂಬಿದೆ ಅಂತ ಹೇಳಿ. ನಕ್ಕೆ ಅಂತಾನೂ ಹೇಳಿ. ಅವಳು ಐದು ವರ್ಷ ಇದ್ದಾಗಿಂದ ಇಟ್ಕೊಂಡಿದ್ದಾಳೆ. ನಾನು ಹದಿನೈದು, ನನಗಾಗಲ್ವಾ?”

“ತಪ್ಪು ನಂದು. ಪೂರ್ತಿ ನಂದೇ,” ಎಂದೆ.

“ಹೂಂ ಮಿಸ್,” ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳಲಿ ಎಂದು ನಾನು ಕಾದಿದ್ದೆ, ಅದು ಅವಳಿಗೆ ತಿಳಿದಿತ್ತು ಎಂದೂ ಅನ್ನಿಸುತ್ತದೆ.

ಅಕ್ಕನಿಗೆ ಫೋನ್ ಮಾಡಿ ಅವಳು ಹೇಳಿದ ಹಾಗೆಯೇ ಹೇಳಿದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. “ಥ್ಯಾಂಕ್ಸ್ ಮಿಸ್,” ಎಂದಳು. ಆ ಥ್ಯಾಂಕ್ಸ್ ನನ್ನ ಕೆನ್ನೆಗೆ ಬಾರಿಸಿದ ಹಾಗಿತ್ತು. ಒಬ್ಬಳು ಕಾವಲುಗಾರ್ತಿ ಇದ್ದ ಮನೆಯಲ್ಲಿ ಈಗ ಇಬ್ಬರಾದರು. ಊಟದ ಮೇಜಿನಲ್ಲಿ ಎದುರುಬದುರು ಕೂತು, ಒಬ್ಬರಿಗಾಗಿ ಇನ್ನೊಬ್ಬರು ಏನೂ ಗೊತ್ತಿಲ್ಲದ ಮುಖ ಮಾಡುತ್ತಿರುತ್ತಾರೆ. ಇಬ್ಬರ ಗುಟ್ಟೂ ಗೊತ್ತಿರುವವಳು ನಾನೊಬ್ಬಳೇ, ಮತ್ತು ನನ್ನ ಬಾಯಿಯ ಯೋಗ್ಯತೆ ನನಗೆ ಗೊತ್ತು.

ರೇಡಿಯೋ ಈಗ ಮತ್ತೆ ಮಾತಾಡುತ್ತಾಳೆ. ಮೊದಲಿಗಿಂತ ಜಾಸ್ತಿಯೇ ಮಾತಾಡುತ್ತಾಳೆ. ಸ್ಟಾಫ್ ರೂಮಿನವರೆಲ್ಲ, ಹೊಟ್ಟೆನೋವು ವಾಸಿಯಾಯಿತು ಎಂದು ನಗುತ್ತಾರೆ.

ನಿನ್ನೆ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳು ಬಂದವು. ಅದೇ ಪ್ರಶ್ನೆ, ಇಪ್ಪತ್ತು ಅಂಕ. ಅವಳದ್ದನ್ನು ಕೊನೆಗೆ ತೆಗೆದೆ. ಕೋಳಿ ಕೆದರಿದ ಅಕ್ಷರದಲ್ಲಿ ಮೂರೇ ಸಾಲು ಇತ್ತು.

‘ನನ್ನ ಬದುಕಿನಲ್ಲಿ ಇಂಥ ಪ್ರಶ್ನೆ ಬಂದಿಲ್ಲ. ನಾನು ನನ್ನ ಅಪ್ಪ ಅಮ್ಮನ ಎರಡನೇ ಮಗಳು. ನನಗೆ ಒಬ್ಬಳು ಅಕ್ಕ ಇದ್ದಾಳೆ, ಅಷ್ಟೇ.’

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಸುಳ್ಳು ಬರೆದವರನ್ನು ಎರಡನೇ ಸಾಲಿನಲ್ಲೇ ಹಿಡಿಯುವವಳು ನಾನು. ಪೂರ್ತಿ ಅಂಕ ಕೊಟ್ಟರೆ ಅವಳ ಬಾಯಿ ಮುಚ್ಚಿಸಲು ಕೊಟ್ಟ ಲಂಚವಾಗುತ್ತದೆ, ಕಳೆದರೆ ಯಾವ ಬಾಯಿಂದ ಕಳೆಯಲಿ? ಅಂಕ ಹಾಕದೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಇವತ್ತು ಬೆಳಿಗ್ಗೆ ಅವಳನ್ನು ಕರೆದು ಅದನ್ನು ಅವಳ ಕೈಗೇ ಕೊಟ್ಟೆ.

“ಅಂಕ ಹಾಕಿಲ್ಲ ಮಿಸ್,” ಎಂದಳು.

“ಇದನ್ನ ನಾನು ಓದಿಲ್ಲ,” ಎಂದೆ.

ಅವಳು ನನ್ನ ಕನ್ನಡಕದ ಕಡೆ ನೋಡಿದಳು.