ಎದಿಲ್ಮಾಳ ಗದ್ದಕ್ಕೆ ಬೆಲ್ಲದ ಪಾಕ

ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ನಮ್ಮ ಬರಾಂಕಿಯಾ ಊರಿನ ಓಣಿ ಓಣಿಯಲ್ಲೂ ಡೋಲಿನ ಸದ್ದು. ಈ ಸಲ ನಮ್ಮ ಓಣಿಯ ಕುಂಬಿಯಾ ಕುಣಿತದ ತಂಡದ ಮುಂದಿನ ಸಾಲಿನಲ್ಲಿ ಎದಿಲ್ಮಾ ಕುಣಿಯಬೇಕೆಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದರು. ಹೂಂ ಎನ್ನಬೇಕಾದವಳು ಮಾತ್ರ ಇನ್ನೂ ಹೂಂ ಎಂದಿರಲಿಲ್ಲ.

ಕುಂಬಿಯಾ ಕುಣಿಯುವ ಹೆಂಗಸು ಬಲಗೈಯಲ್ಲಿ ಉರಿಯುವ ಮೇಣದಬತ್ತಿಗಳ ಕಟ್ಟನ್ನು ಎತ್ತಿ ಹಿಡಿಯಬೇಕು. ಮುಂದಿನ ಸಾಲಿನವಳಾದರೆ ಆ ಬೆಳಕಿನಲ್ಲಿ ಅವಳ ಮುಖವನ್ನು ಊರೇ ನೋಡುತ್ತದೆ. ಎದಿಲ್ಮಾಳ ಗದ್ದದ ಮೇಲೆ ಕಪ್ಪು ಒರಟು ಕೂದಲು ಬರುತ್ತಿತ್ತು. ತಂಡದವರ ಅಗಲವಾದ ಲಂಗಗಳನ್ನೆಲ್ಲ ಹೊಲಿಯುವವಳು ಅವಳೇ. ಕುಣಿಯುವಾಗ ಮಾತ್ರ ಹಿಂದಿನ ಸಾಲಿನಲ್ಲಿ, ತಲೆ ತಗ್ಗಿಸಿಕೊಂಡು ಇರುತ್ತಿದ್ದಳು. ಪಾಪ, ಅವಳಷ್ಟು ಚೆನ್ನಾಗಿ ಸೊಂಟ ತಿರುಗಿಸುವವರು ಆ ತಂಡದಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಗೆ ಧೈರ್ಯ ಮಾಡಿ ಲೇಸರ್ ಚಿಕಿತ್ಸೆ ಶುರು ಮಾಡಿದ್ದಳು. ಎರಡು ಸಲ ಆಗಿತ್ತು. ಕೂದಲು ಸ್ವಲ್ಪ ತೆಳುವಾದಂತೆಯೂ ಕಾಣುತ್ತಿತ್ತು. ಮೂರನೇ ಸಲ ಹೋಗುವ ದಿನ ಬಂತು.

ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವುದೆಂದರೆ ಮದುವೆಗೆ ಹೊರಟ ಹಾಗೆ. ಸ್ನಾನ ಆಗಬೇಕು, ಬಟ್ಟೆ ಇಸ್ತ್ರಿಯಾಗಬೇಕು, ಒಂದು ಹನಿ ಸೆಂಟೂ ಬೀಳಬೇಕು. ಎದಿಲ್ಮಾಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಉಬಾಲ್ದಿನಾ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಬಾಗಿಲಲ್ಲೇ ಅವಳ ಗದ್ದ ಹಿಡಿದು ನಿಲ್ಲಿಸಿದಳು.

"ಈ ಮುಖ ಹೊತ್ಕೊಂಡು ಡಾಕ್ಟರ ಮುಂದೆ ಕೂರ್ತೀಯಾ? ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ ಅಂತಾರೆ!"

ಬೆಲ್ಲಕ್ಕೆ ನಿಂಬೆರಸ ಹಿಂಡಿ ಪಾಕ ಕಾಯಿಸಿ, ಗದ್ದಕ್ಕೆ ಬಳಿದು, ಕೂದಲನ್ನೆಲ್ಲ ಬುಡಸಮೇತ ಕಿತ್ತು ತೆಗೆದಳು. ಎದಿಲ್ಮಾ ನುಣ್ಣನೆಯ ಗದ್ದ ಹೊತ್ತು ಸುಡುಬಿಸಿಲಿನಲ್ಲಿ ನಡೆದು ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಅವಳನ್ನು ನೋಡಿದ ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. ಇವತ್ತು ಲೇಸರ್ ಮಾಡಲು ಆಗುವುದಿಲ್ಲ, ಕೆಲವು ವಾರ ಬಿಟ್ಟು ಬನ್ನಿ ಎಂದು ವಾಪಸ್ ಕಳಿಸಿದರು.

ಸಂಜೆ ಪಕ್ಕದ ಮನೆಯ ಮಾರ್ಲೆನಿಸ್ ಬಂದಾಗ ಎದಿಲ್ಮಾ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಮಾರ್ಲೆನಿಸ್ ಅದೇ ಕ್ಲಿನಿಕ್ಕಿನ ನರ್ಸ್.

"ಇವತ್ತು ನಂಗೆ ಬೇರೆ ಕಡೆ ಡ್ಯೂಟಿ ಇತ್ತು ಕಣೇ. ನಿನ್ನ ವಾಪಸ್ ಕಳಿಸಿದ್ದು ಆಮೇಲೆ ಗೊತ್ತಾಯ್ತು. ಏನೇ ಮಾಡ್ಕೊಂಡೆ?"

"ನಾನೇನೂ ಮಾಡ್ಕೊಂಡಿಲ್ಲ. ನನ್ನ ಹಣೆಬರಹಾನೇ ಹಿಂಗೆ. ನಾನು ಮುಂದಿನ ಸಾಲಿಗೆ ಬರಲ್ಲ ಅಂತ ಹೇಳ್ಬಿಡು ತಂಡದವ್ರಿಗೆ," ಎಂದಳು ಎದಿಲ್ಮಾ. ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

ಒಳಗಿನಿಂದ ದೊಡ್ಡಮ್ಮ ಕೂಗಿದಳು: "ಆ ಲೇಸರ್ರೇ ದೊಡ್ಡ ಮೋಸ! ಹೋದ ಸಲ ಮಾಡಿಸ್ಕೊಂಡು ಬಂದು ಎರಡು ವಾರ ಆಗಿರ್ಲಿಲ್ಲ, ಮತ್ತೆ ಕೂದ್ಲು ಮೊಳೀತು. ನನ್ನ ಬೆಲ್ಲದ ಪಾಕವೇ ವಾಸಿ."

ಮಾರ್ಲೆನಿಸ್ ನಗುತ್ತ ಸ್ಟೂಲು ಎಳೆದುಕೊಂಡಳು. "ಬನ್ನಿ ದೊಡ್ಡಮ್ಮ, ಜಗಳ ಆಮೇಲೆ ಆಡೋಣ. ಬತ್ತಿ ಇಲ್ದಿರೋ ಮೇಣದಬತ್ತಿ ಹಚ್ಚೋಕಾಗುತ್ತಾ?"

"ಅದ್ಹೆಂಗೆ ಆಗುತ್ತೆ?"

"ಲೇಸರ್ರೂ ಅಷ್ಟೇ. ಅದರ ಬೆಳಕು ಕೂದಲಿನ ಕಪ್ಪನ್ನ ಹಿಡ್ಕೊಂಡು ಬುಡಕ್ಕೆ ಇಳಿಯುತ್ತೆ. ನೀವು ಬುಡಾನೇ ಕಿತ್ತು ಕಳಿಸಿದ್ರೆ ಅದಕ್ಕೆ ಹಿಡ್ಕೊಳ್ಳೋಕೆ ಏನಿರುತ್ತೆ? ಪಾಕ ಬೇಡ, ವ್ಯಾಕ್ಸ್ ಬೇಡ, ಚಿಮಟ ಬೇಡ, ದಾರ ಹಾಕಿ ಕೀಳೋದೂ ಬೇಡ. ಚಿಕಿತ್ಸೆ ಮುಗಿಯೋವರೆಗೂ ಬುಡ ಅಲ್ಲೇ ಇರ್ಬೇಕು."

"ಮತ್ತೆ ಎರಡು ವಾರಕ್ಕೆ ಮೊಳೀತಲ್ಲ, ಅದು?" ಎದಿಲ್ಮಾ ಕೇಳಿದಳು.

"ಅದು ಮೊಳಕೆ ಅಲ್ಲ ಕಣೇ. ಅದ್ರಲ್ಲಿ ಬಹಳಷ್ಟು ಸತ್ತ ಕೂದ್ಲು. ಚರ್ಮ ಅದನ್ನ ಹೊರಗೆ ತಳ್ತಾ ಇರುತ್ತೆ, ತಾನಾಗೇ ಉದುರುತ್ತೆ. ಮುಖ ಮೆತ್ತಗೆ ತೊಳ್ಕೊ, ಕೆರೀಬೇಡ. ಕೂದ್ಲು ಎಲ್ಲಾ ಒಟ್ಟಿಗೆ ಬೆಳೆಯಲ್ಲ, ಅದಕ್ಕೇ ಮತ್ತೆ ಮತ್ತೆ ಬರೋಕೆ ಹೇಳೋದು."

"ಅಲ್ಲಿವರೆಗೂ ಗಡ್ಡ ಬಿಟ್ಕೊಂಡು ತಿರುಗಾಡ್ಲಾ?"

"ಶೇವ್ ಮಾಡ್ಕೊ."

ದೊಡ್ಡಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಅಯ್ಯೋ ದೇವರೇ! ಹೆಣ್ಣಿನ ಮುಖಕ್ಕೆ ಬ್ಲೇಡಾ? ಗಂಡಸರ ಥರ ದಪ್ಪಗೆ ಬೆಳೀತದೆ!"

"ಹಂಗಿದ್ರೆ ದೊಡ್ಡಪ್ಪನ ಬೋಳುತಲೆಗೆ ನಾಲ್ಕು ಸಲ ಬ್ಲೇಡು ಆಡಿಸಿದ್ರೆ ಸಾಕಾಗಿತ್ತಲ್ಲ?"

ಎದಿಲ್ಮಾ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು. ಮಾರ್ಲೆನಿಸ್ ಮುಂದುವರಿಸಿದಳು: "ಬ್ಲೇಡು ಮೇಲಿನ ತುದಿ ಮಾತ್ರ ಕತ್ತರಿಸುತ್ತೆ. ಕತ್ತರಿಸಿದ ತುದಿ ಮೊಂಡಾಗಿರೋದಕ್ಕೆ ಕೈಗೆ ಒರಟು ಅನ್ಸುತ್ತೆ, ಅಷ್ಟೇ. ಹೊಸ ಬ್ಲೇಡು ತಗೋ, ಮುಖ ಒದ್ದೆ ಮಾಡಿ ಸೋಪು ಹಚ್ಕೊ, ಒತ್ತದೆ ತೆಗಿ. ಕ್ಲಿನಿಕ್ಕಿಗೆ ಬರೋ ಹಿಂದಿನ ದಿನಾನೂ ಹಿಂಗೇ ಮಾಡ್ಕೊಂಡು ಬಾ. ಆದ್ರೆ ಈಗ ಗದ್ದ ಕೆಂಪಾಗಿದೆ, ಅದು ಇಳಿಯೋವರೆಗೂ ಏನೂ ಮುಟ್ಟಿಸ್ಬೇಡ."

ಅವಳು ಎದಿಲ್ಮಾಳ ಮುಖವನ್ನು ದೀಪದತ್ತ ತಿರುಗಿಸಿ ನೋಡಿದಳು. "ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ರೆ ಸುಟ್ಟು ಕಲೆ ಕಟ್ಟುತ್ತೆ ಕಣೇ. ಬಿಸಿಲಿಗೆ ಕಂದಿದ ಚರ್ಮಕ್ಕೆ ಲೇಸರ್ ಬಿಟ್ರೂ ಸುಡಬಹುದು. ಹೊರಗೆ ಹೋಗೋವಾಗ ಟೋಪಿ ಹಾಕು, ಸನ್‌ಸ್ಕ್ರೀನ್ ಹಚ್ಚು. ಬೊಬ್ಬೆ ಎದ್ರೆ ತಡ ಮಾಡ್ದೆ ಬಾ. ಇನ್ನೊಂದು ಮಾತು, ನಿಂಗೆ ಮುಟ್ಟು ಸರಿಯಾಗಿ ಆಗುತ್ತಾ?"

"ಏರುಪೇರು ಇದೆ."

"ಅದನ್ನ ಡಾಕ್ಟರಿಗೆ ಹೇಳು. ಗದ್ದದ ಕೂದಲಿಗೆ ಕೆಲವು ಸಲ ಹಾರ್ಮೋನು ಕಾರಣ ಇರುತ್ತೆ. ಅದು ನಿನ್ನ ತಪ್ಪೂ ಅಲ್ಲ, ಹಣೆಬರಹಾನೂ ಅಲ್ಲ."

ಎಷ್ಟೇ ಸೆಕೆಯಿದ್ದರೂ ದೊಡ್ಡಮ್ಮ ಸದಾ ಕುತ್ತಿಗೆಗೆ ಕರವಸ್ತ್ರ ಕಟ್ಟಿಕೊಂಡು ಗದ್ದದವರೆಗೆ ಎಳೆದುಕೊಂಡಿರುತ್ತಿದ್ದಳು. ಈಗ ಅದನ್ನು ಬಿಚ್ಚಿದಳು. ಗದ್ದದ ತುಂಬ ಕಿತ್ತು ಕಿತ್ತು ಆದ ಕಲೆಗಳು. ಎದಿಲ್ಮಾ ಅಷ್ಟು ಹತ್ತಿರದಿಂದ ಅವನ್ನು ಎಂದೂ ನೋಡಿರಲಿಲ್ಲ.

"ನಾನು ಒಂದು ಸಲಾನೂ ಮೇಣದಬತ್ತಿ ಎತ್ತಿ ಹಿಡೀಲಿಲ್ಲ ಮಗಳೇ. ಕುಣಿಯೋಕೆ ಬಾ ಅಂದೋರಿಗೆಲ್ಲ ಕಾಲು ನೋವು ಅಂದೆ. ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ. ನಿಂಗೆ ಹಂಗಾಗ್ಬಾರ್ದು ಅಂತ ಪಾಕ ಕಾಯಿಸ್ದೆ."

ಎದಿಲ್ಮಾಳ ಬೇಸರವೆಲ್ಲ ಕರಗಿ ಹೋಯಿತು. ಎದ್ದು ಬಂದು ದೊಡ್ಡಮ್ಮನನ್ನು ಅಪ್ಪಿಕೊಂಡು, ಮುಂದಿನ ಸಾಲಿಗೆ ಹೂಂ ಎಂದಳು.

ಕಾರ್ನಿವಲ್ ಬರುವ ಹೊತ್ತಿಗೆ ಗದ್ದದ ಕೆಂಪು ಇಳಿದಿತ್ತು, ಕೂದಲು ಮತ್ತೆ ತುಸು ಬಂದಿತ್ತು. ಕುಣಿಯುವ ದಿನ ಹೊಸ ರೇಜರ್ ಹಿಡಿದು ಬಂದವಳು ದೊಡ್ಡಮ್ಮನೇ. "ಕೂತ್ಕೋ, ಅಲ್ಲಾಡ್ಬೇಡ," ಎಂದು ಗದರಿಸಿದಳು. ಸಂಜೆ ಡೋಲು ಬಡಿಯಿತು. ಎದಿಲ್ಮಾ ತನಗಾಗಿ ತಾನೇ ಹೊಲಿದುಕೊಂಡ ಕೆಂಪು ಲಂಗ ಬೀಸುತ್ತ, ಮೇಣದಬತ್ತಿಗಳನ್ನು ಮುಖದ ಪಕ್ಕಕ್ಕೇ ಎತ್ತಿ ಹಿಡಿದು ಮುಂದಿನ ಸಾಲಿನಲ್ಲಿ ಬಂದಳು. ದೊಡ್ಡಮ್ಮನ ಎದುರು ಬಂದಾಗ ಕಟ್ಟಿನಿಂದ ಒಂದು ಮೇಣದಬತ್ತಿ ಎಳೆದು ಅವಳ ಕೈಗಿಟ್ಟಳು. ದೊಡ್ಡಮ್ಮ ಆಚೀಚೆ ನೋಡಿದಳು. ಆಮೇಲೆ ಅದನ್ನು ಎತ್ತಿ ಹಿಡಿದು, ನಿಂತಲ್ಲೇ ಎರಡು ಹೆಜ್ಜೆ ಹಾಕಿದಳು. ಕುತ್ತಿಗೆಯಲ್ಲಿ ಕರವಸ್ತ್ರ ಇರಲಿಲ್ಲ.

ಅಕ್ಕತಂಗಿಯರೇ, ನೀವು ಲೇಸರ್ ಮಾಡಿಸಿಕೊಳ್ಳುತ್ತಿದ್ದರೆ ನಡುವೆ ಬರುವ ಕೂದಲನ್ನು ಕೀಳಬೇಡಿ, ಬೇಕಿದ್ದರೆ ಶೇವ್ ಮಾಡಿ. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಿ. ಅನುಮಾನ ಬಂದರೆ ನಿಮ್ಮ ಡಾಕ್ಟರನ್ನೋ ನರ್ಸನ್ನೋ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಕೂದಲು ಇದ್ದರೂ ಸರಿ, ಹೋದರೂ ಸರಿ, ಕುಣಿಯಲು ಕರೆದಾಗ ಹೋಗಿ. ಕಾಲು ನೋವು ಎಂದು ಮಾತ್ರ ಸುಳ್ಳು ಹೇಳಬೇಡಿ.