ಮಾರ್ಗದರ್ಶಕರ ಮನೆಯ ಉಡಿ

ಹಾನರ್ಸ್ ಎಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ, ರಂಗೋಲಿ ಹಾಕುವುದು ಎಂದು ಹೇಳುತ್ತೇನೆ. ಗಣ್ಯರ ಕಾರು ಬರುವ ಹೊತ್ತಿಗೆ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವುದು, ಕಾರು ಎರಡು ತಾಸು ತಡವಾದರೆ ಎರಡು ತಾಸೂ ಹಲ್ಲು ಬಿಟ್ಟುಕೊಂಡು ನಿಲ್ಲುವುದು. ಆಮೇಲೆ ಶಾಲಿನ ತಟ್ಟೆ, ಹಾರದ ತಟ್ಟೆ, ಹಣ್ಣಿನ ಬುಟ್ಟಿ. ಇದಕ್ಕೆಲ್ಲ ವಿದ್ಯಾರ್ಥಿ ಚಟುವಟಿಕೆ ಎಂದು ಹೆಸರು, ಅದಕ್ಕೆ ಅಂಕಗಳೂ ಉಂಟು. ಕಲಘಟಗಿಯ ನಮ್ಮ ಕಾಲೇಜಿನಲ್ಲಿ ನಾಲ್ಕನೆಯ ವರ್ಷಕ್ಕೆ ಉಳಿದದ್ದು ಬೆರಳೆಣಿಕೆಯ ಜನ, ಅದರಲ್ಲಿ ಹುಡುಗಿಯರೇ ಹೆಚ್ಚು. ಹುಡುಗರು ಕುರ್ಚಿ ಹಾಕುತ್ತಿದ್ದರು, ಅವರಿಗೂ ಅಷ್ಟೇ ಅಂಕ ಸಿಗುತ್ತಿತ್ತು.

ನನ್ನ ಕೈಗೆ ಆರತಿ ತಟ್ಟೆ ಬರುತ್ತಿರಲಿಲ್ಲ. ನನ್ನ ಹೆಸರು ರುಬಿಯಾ. ಹಣ್ಣಿನ ಬುಟ್ಟಿ ಕೊಡುತ್ತಿದ್ದರು, ಹಣ್ಣಿಗೆ ಮೈಲಿಗೆ ತಗಲುವುದಿಲ್ಲ ಎಂದು ಕಾಣುತ್ತದೆ. ಆರತಿ ಯಾವಾಗಲೂ ಸೌಂದರ್ಯಾಳ ಪಾಲು. ಎತ್ತರದ ಹುಡುಗಿ, ಸೀರೆ ಉಟ್ಟರೆ ಫೋಟೋದಲ್ಲಿ ಚೆನ್ನಾಗಿ ಬರುತ್ತಾಳೆ ಎಂದು ಹಾನರ್ಸ್ ವಿಭಾಗ ನೋಡಿಕೊಳ್ಳುವ ಈರಪ್ಪ ಸರ್ ನಮ್ಮೆಲ್ಲರ ಎದುರಿಗೇ ಹೇಳುತ್ತಿದ್ದರು.

ಅವಳು ಬಮ್ಮಿಗಟ್ಟಿಯವಳು, ನಾನೂ ಅದೇ ಊರಿನವಳು. ಒಂದೇ ಬಸ್ಸು, ಒಂದೇ ಸೀಟು. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಮನೆಗಳಲ್ಲಿ ಹೆಂಗಸರು ಏನೇನು ಕೆಲಸ ಮಾಡುತ್ತಾರೆ ಎಂಬುದರ ಮೇಲೆ ಅವಳು ಪ್ರಬಂಧ ಬರೆದಿದ್ದಳು. ಬೇಸಿಗೆಯ ರಜೆಯೆಲ್ಲ ಆ ಮನೆಗಳ ಪಡಸಾಲೆಯಲ್ಲಿ ಕೂತು ಕಳೆದವಳು. ಒಂದು ಸೋಮವಾರ ಧಾರವಾಡದಲ್ಲಿ ಅದನ್ನು ಪರೀಕ್ಷಕರ ಮುಂದೆ ಮಂಡಿಸಬೇಕಿತ್ತು. ಮಂಡಿಸಿದರೆ ಹಾನರ್ಸ್ ಪದವಿ, ಅದರ ಬಲದಿಂದ ಎಂ.ಎ. ಮಂಡಿಸದಿದ್ದರೆ ವರ್ಷವಿಡೀ ಓದಿದ್ದು ನೀರುಪಾಲು. ಅವಳಪ್ಪ ಶಿದ್ಲಿಂಗಪ್ಪ ಕಾಕಾ ನೆಂಟರ ನಿಷ್ಠುರವನ್ನೆಲ್ಲ ಕಟ್ಟಿಕೊಂಡು ಈ ಒಂದು ವರ್ಷ ಓದಲು ಬಿಟ್ಟಿದ್ದರು. ಇನ್ನೊಂದು ವರ್ಷ ಸಿಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಇಂಥದ್ದರಲ್ಲಿ ಬಂದದ್ದು ಹಳೆಯ ವಿದ್ಯಾರ್ಥಿಗಳ ಮಾರ್ಗದರ್ಶನ ಯೋಜನೆ. ನಮ್ಮ ಕಾಲೇಜಿನಲ್ಲಿ ಕಲಿತು ಮುಂದೆ ಬಂದವರು ನಮ್ಮನ್ನೂ ಮುಂದೆ ತರುತ್ತಾರಂತೆ. ಸೌಂದರ್ಯಾಳಿಗೆ ಸಿಕ್ಕ ಮಾರ್ಗದರ್ಶಕರ ಹೆಸರು ಸಂಗನಬಸವ. ಗೊಬ್ಬರದ ಅಂಗಡಿ, ಕಬ್ಬು ಸಾಗಿಸುವ ಲಾರಿ, ಊರ ಹೊರಗೆ ಪ್ಲಾಟುಗಳು. ನಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವರು. ಮುಗಿಸಿದರೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಕಾಲೇಜಿನ ಕುಡಿಯುವ ನೀರಿನ ಯಂತ್ರದ ಮೇಲೆ ಅವರ ಹೆಸರಿತ್ತು.

ಮೊದಲ ಭೇಟಿಯಲ್ಲಿ ಅವರು ಗ್ರಂಥಾಲಯದಲ್ಲಿ ಕೂತು ಎಲೆ-ಅಡಿಕೆ ಜಗಿಯುತ್ತ ಕೇಳಿದ ಪ್ರಶ್ನೆ ಇದು:

"ನಿಮ್ಮಪ್ಪಗ ಹೊಲಾ ಎಷ್ಟೈತವಾ? ನೀವು ಯಾವ ಪೈಕಿ ಆದ್ರಿ?"

ಸೌಂದರ್ಯಾ ತಲೆ ತಗ್ಗಿಸಿ ಹೊಲವನ್ನೂ ಒಳಪಂಗಡವನ್ನೂ ಹೇಳಿದಳು. ಆಮೇಲೆ ತನ್ನ ಪ್ರಬಂಧದ ಹಾಳೆಗಳನ್ನು ಅವರ ಮುಂದೆ ಇಟ್ಟಳು. ಅವರು ಹಾಳೆಯ ಮೇಲೆ ಕಾರಿನ ಕೀಲಿ ಇಟ್ಟರು.

"ತೊಟ್ಲದ ಮ್ಯಾಲೆ ಬರದೀಯೇನು? ಅಗದಿ ಬೇಷಾತು ಬಿಡು. ನಮ್ಮನ್ಯಾಗೂ ಒಂದು ತೊಟ್ಲಾ ಬೇಕಾಗೇತಿ," ಎಂದು ನಕ್ಕರು. ಪಕ್ಕದಲ್ಲಿದ್ದ ಈರಪ್ಪ ಸರ್ ಅವರಿಗಿಂತ ಜೋರಾಗಿ ನಕ್ಕರು. ಆ ನಗೆ ಕೇಳಿ ನನಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಪದವಿ ಓದುವ ಹುಡುಗಿಯ ಎದುರಿಗೆ, ಅದೂ ಗ್ರಂಥಾಲಯದಲ್ಲಿ, ಇಬ್ಬರು ದೊಡ್ಡ ಮನುಷ್ಯರು ನಗುವ ರೀತಿಯೇ ಅದು?

ಮುಂದಿನ ಭೇಟಿಗಳೂ ಹೀಗೇ ನಡೆದವು. ಅಡಿಗೆ ಬರುತ್ತದೆಯೇ, ರೊಟ್ಟಿ ತಟ್ಟಲು ಬರುತ್ತದೆಯೇ, ಕನ್ನಡಕ ಏನಾದರೂ ಹಾಕುತ್ತೀಯಾ. ಪ್ರಬಂಧದ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಬಸ್ಸಿನಲ್ಲಿ ಹೇಳಿದೆ:

"ಲೇ, ಈ ಮನಶ್ಯಾ ನಿನಗ ದಾರಿ ತೋರ್ಸಾಕ ಬರೂದಿಲ್ಲ. ಹೆಣ್ಣ ನೋಡಾಕ ಬರ್ತಾನ."

"ಸುಮ್ನಿರ ಬೇ. ಅವರು ನಮ್ಮಪ್ಪನ ವಯಸ್ಸಿನವರು."

"ಅವಗಲ್ಲ. ಅವನ ಮನ್ಯಾಗ ಮತ್ಯಾರಿಗೋ."

ಅವಳು ಕಿಟಕಿಯ ಕಡೆ ತಿರುಗಿದಳು. ನನ್ನ ಮಾತು ಅವಳಿಗೂ ಹೊಳೆದಿತ್ತು, ಆದರೆ ಯೋಜನೆಯ ನಿಯಮದಂತೆ ಮಾರ್ಗದರ್ಶಕರ ಸಹಿ ಇಲ್ಲದೆ ಪ್ರಬಂಧ ಧಾರವಾಡಕ್ಕೆ ಹೋಗುವಂತಿರಲಿಲ್ಲ. ಸಹಿ ಬೀಳುವವರೆಗೆ ತಲೆ ತಗ್ಗಿಸುವುದು ಎಂದು ಅವಳು ನಿಶ್ಚಯಿಸಿದ್ದಳು.

ಒಂದು ದಿನ ಈರಪ್ಪ ಸರ್ ಹೊಸ ಚಟುವಟಿಕೆ ಹೇಳಿದರು: ಮಾರ್ಗದರ್ಶಕರ ಮನೆಭೇಟಿ. ಯಶಸ್ವಿಯಾದವರು ಹೇಗೆ ಬದುಕುತ್ತಾರೆ ಎಂದು ವಿದ್ಯಾರ್ಥಿಗಳು ಕಣ್ಣಾರೆ ನೋಡಬೇಕಂತೆ. ಸೀರೆ ಉಟ್ಟು ಬಾ ಎಂದು ಸೌಂದರ್ಯಾಳಿಗೆ ಬೇರೆಯಾಗಿ ಹೇಳಿದರು. ಸಹಿಯನ್ನು ಅವರು ಅಲ್ಲೇ ಹಾಕುತ್ತಾರೆ ಎಂದೂ ಹೇಳಿದರು. ಅವಳು ಒಬ್ಬಳೇ ಹೋಗುವುದಿಲ್ಲ ಎಂದಳು, ಹಾಗಾಗಿ ಈರಪ್ಪ ಸರ್ ಜೊತೆ ನಾನೂ ಹೋದೆ.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ರೇಷ್ಮೆ ಸೀರೆಯ ಹೆಂಗಸರು ಸಾಲಾಗಿ ಕೂತಿದ್ದರು. ಸೋಫಾದ ತುದಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟವನೊಬ್ಬ ತನ್ನ ಮೊಣಕಾಲು ನೋಡುತ್ತ ಕೂತಿದ್ದ. ಇವನು ನಮ್ಮ ತಮ್ಮ ಸುಭಾಸ ಎಂದು ಸಂಗನಬಸವ ಹೇಳಿದರು. ಹೊಲ ನೋಡಿಕೊಳ್ಳುತ್ತಾನೆ, ಬಹಳ ಒಳ್ಳೆಯವನು, ಏನೂ ಚಟ ಇಲ್ಲ ಎಂದೂ ನಾವು ಕೇಳದೆಯೇ ಹೇಳಿದರು. ಮೂವತ್ತೈದು ದಾಟಿದ ಮುಖ. ಹೊಲದಲ್ಲಿ ದುಡಿಯುವವನಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಕಷ್ಟ. ಪಾಪ ಅನಿಸುವುದೂ ಉಂಟು. ಆದರೆ ಆ ಕಷ್ಟ ಕಳೆಯಲು ಕಾಲೇಜಿನಲ್ಲಿ ಒಂದು ಯೋಜನೆ ಮಾಡಿ, ಅದಕ್ಕೆ ಮಾರ್ಗದರ್ಶನ ಎಂದು ಹೆಸರಿಟ್ಟರೆ ಪಾಪ ಅನಿಸುವುದಿಲ್ಲ, ಹೇಸಿಗೆ ಅನಿಸುತ್ತದೆ.

ಶಿರಾ, ಉಪ್ಪಿಟ್ಟು, ಚಹಾ ಆಯಿತು. ಸಂಗನಬಸವ ಹಾಳೆ ತಿರುವದೆಯೇ ಕೊನೆಯ ಪುಟದಲ್ಲಿ ಸಹಿ ಹಾಕಿದರು. ಸೌಂದರ್ಯಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾವು ಎದ್ದೆವು. ಆಗ ಅವರ ಹೆಂಡತಿ ಗುರವ್ವ ಒಳಗಿನಿಂದ ತಟ್ಟೆ ಹಿಡಿದು ಬಂದಳು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಒಂದು ಬಟ್ಟಲಲ್ಲಿ ಸಕ್ಕರೆ.

"ಶುಕ್ರವಾರ ಮನಿಗೆ ಬಂದ ಹೆಣ್ಣಮಗಳು. ಬರೇ ಉಡಿಲೆ ಕಳಸಬಾರ್ದು. ಸೆರಗ ಒಡ್ಡ ಯವ್ವಾ."

ನಮ್ಮ ಕಡೆ ಹಿರಿಯ ಹೆಂಗಸು ಉಡಿ ತುಂಬಲು ಬಂದು ನಿಂತರೆ ಬೇಡ ಎನ್ನುವ ಹುಡುಗಿ ಇನ್ನೂ ಹುಟ್ಟಿಲ್ಲ. ಬೇಡ ಎಂದರೆ ಆ ಮನೆಗೆ ಕೇಡು ಬಯಸಿದಂತೆ. ಮೇಲಾಗಿ ಕಾಲೇಜಿನಲ್ಲಿ ಮಹಿಳಾ ದಿನಾಚರಣೆಗೂ ಇದನ್ನೇ ಮಾಡಿದ್ದರು. ಅಂದು ಬಂದ ಅತಿಥಿ ಹೆಂಗಸರು ನಮಗೆಲ್ಲ ಉಡಿ ತುಂಬಿದ್ದರು, ನನ್ನ ಓಢಣಿಗೂ ಅಕ್ಕಿ ಬಿದ್ದಿತ್ತು. ಸೌಂದರ್ಯಾ ಇದೂ ಅಂಥದ್ದೇ ಎಂದುಕೊಂಡಳು. ಸೆರಗು ಒಡ್ಡಿದಳು. ಗುರವ್ವ ಉಡಿ ತುಂಬಿ ಅವಳ ಬಾಯಿಗೆ ಸಕ್ಕರೆ ಇಟ್ಟಳು. ಯಾರೋ ಸುಭಾಸನನ್ನು ಎಬ್ಬಿಸಿ ಅವಳ ಬಾಜು ನಿಲ್ಲಿಸಿದರು. ಈರಪ್ಪ ಸರ್ ಮೊಬೈಲು ಎತ್ತಿ ಫೋಟೋ ಹೊಡೆದರು. ಗುರವ್ವ ನನ್ನ ಕಡೆ ತಿರುಗಿ ಒಂದು ಬಾಳೆಹಣ್ಣು ಕೊಟ್ಟಳು. ಆ ಬಾಳೆಹಣ್ಣು ಕೈಗೆ ಬಂದಾಗ ನನಗೆ ಎಲ್ಲ ತಿಳಿಯಿತು. ಬರಿ ಉಡಿಯಲ್ಲಿ ಕಳಿಸಬಾರದ ಹೆಣ್ಣುಮಗಳು ಒಬ್ಬಳೇ ಆಗಿದ್ದಳು. ಅದು ಹೆಣ್ಣು ಗೊತ್ತುಮಾಡುವ ಉಡಿ, ಬಾಯಿಗೆ ಸಕ್ಕರೆ ಇಟ್ಟದ್ದೂ ಅದಕ್ಕೇ.

ಹೊರಗೆ ಬಂದು ಅವಳಿಗೆ ಹೇಳಿದೆ. ಅವಳು ರಸ್ತೆಯ ಬದಿಗೆ ಹೋಗಿ ಬಾಯಲ್ಲಿದ್ದ ಸಕ್ಕರೆಯನ್ನು ಉಗುಳಲು ನೋಡಿದಳು. ಆದರೆ ಅದು ಆಗಲೇ ಕರಗಿತ್ತು.

ನಾವು ಬಮ್ಮಿಗಟ್ಟಿ ಮುಟ್ಟುವ ಮೊದಲೇ ಫೋಟೋ ಅವಳ ಮನೆ ಮುಟ್ಟಿತ್ತು. ಅವಳ ಅವ್ವ ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು, ಸಂತೋಷಕ್ಕೆ.

"ನಿಮ್ಮ ಸರ ಫೋನ್ ಮಾಡಿದ್ರವಾ. ಹುಡುಗಿ ಒಪ್ಪ್ಯಾಳ, ಉಡಿ ಹಾಕಿಸ್ಕೊಂಡ್ಲು ಅಂದ್ರು. ಒಂದ ಮಾತ ನನಗ ಮೊದ್ಲ ಹೇಳಬಾರ್ದೇನು?"

"ನಾ ಒಪ್ಪಿಲ್ಲವಾ. ನನಗ ಗೊತ್ತಿರಲಿಲ್ಲ."

"ಹಂಗಂದ್ರ ಹೆಂಗ? ಉಡ್ಯಾಗ ಅಕ್ಕಿ ಹಾಕಿಸ್ಕೊಂಡು ಬಂದೀದಿ. ನಿಮ್ಮಪ್ಪ ಮಾತ ಕೊಟ್ಟಾನ. ಸೋಮವಾರ ಛಲೋ ದಿನಾ ಐತಂತ, ಬರೂ ಸೋಮವಾರ ಬಿಟ್ಟು ಅದರ ಮುಂದಿನದು. ನಿಶ್ಚಯ ಅಂತ."

ಅದೇ ಸೋಮವಾರ ಧಾರವಾಡ. ಅವರ ಮನೆಯಲ್ಲಿ ಮದುವೆಯ ಮಾತನ್ನು ಮಗಳು ಅಪ್ಪನ ಹತ್ತಿರ ಆಡುವ ಪದ್ಧತಿ ಇಲ್ಲ, ಅವ್ವನ ಮೂಲಕವೇ ಆಡಬೇಕು. ಅವ್ವ ಆ ಮಾತನ್ನು ಅಪ್ಪನಿಗೆ ಮುಟ್ಟಿಸಲೇ ಇಲ್ಲ. ಮುಟ್ಟಿಸಿದರೆ ಕೊಟ್ಟ ಮಾತು ಮುರಿಯುತ್ತದಲ್ಲ ಎಂಬ ಹೆದರಿಕೆ.

ನಾವಿಬ್ಬರೂ ಪ್ರಾಂಶುಪಾಲರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆವು. ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಒಳ್ಳೆಯ ಮನೆತನ ಎಂದರು. ಮಂಡನೆಯನ್ನು ಮುಂದಿನ ವರ್ಷವೂ ಮಾಡಬಹುದು, ಇಂಥ ಸಂಬಂಧ ಮುಂದಿನ ವರ್ಷ ಸಿಗುತ್ತದೆಯೇ ಎಂದರು. ನಮ್ಮ ಯೋಜನೆ ಇಷ್ಟು ಬೇಗ ಫಲ ಕೊಡುತ್ತದೆಂದು ತಾವು ಅಂದುಕೊಂಡಿರಲಿಲ್ಲ ಎಂದೂ ಸೇರಿಸಿದರು. ಫಲ! ಅವರ ಮೇಜಿನ ಗಾಜಿನ ಮೇಲೆ ಉಗುಳಬೇಕು ಅನಿಸಿತು. ಉಗುಳಲಿಲ್ಲ, ನಮಸ್ಕಾರ ಸರ್ ಎಂದು ಹೊರಗೆ ಬಂದೆ. ಅದನ್ನು ನೆನೆಸಿದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆ ಸೋಮವಾರದ ಹಿಂದಿನ ಶನಿವಾರ ಹಳೆಯ ವಿದ್ಯಾರ್ಥಿಗಳ ಸಮಾವೇಶ. ರಂಗೋಲಿ, ಆರತಿ, ಶಾಲು ಎಲ್ಲ ಇತ್ತು. ಊಟದ ಖರ್ಚು ಸಂಗನಬಸವ ಅವರದು, ಹೋಳಿಗೆಯ ವಾಸನೆ ಸಭಾಂಗಣದ ಒಳಗೂ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಹೊಸ ಟೋಪಿ ಹಾಕಿಕೊಂಡು ಶಿದ್ಲಿಂಗಪ್ಪ ಕಾಕಾ ಕೂತಿದ್ದರು. ಬೀಗರಾಗುವವರು ಕರೆದಿದ್ದರು, ಅದಕ್ಕೆ ಬಂದಿದ್ದರು. ಸಂಗನಬಸವ ಮೈಕಿನ ಮುಂದೆ ನಿಂತು ಕೈ ಎತ್ತಿ ಹೇಳಿದರು:

"ಈ ಕಾಲೇಜಿನ ಋಣಾ ನಾ ಹೆಂಗ ತೀರ್ಸಲಿ? ಇಲ್ಲೀ ಹಾನರ್ಸ್ ಹುಡುಗಿ ನಮ್ಮ ಮನಿ ಸೊಸಿ ಆಗಾಕತ್ತಾಳ. ಮಾರ್ಗದರ್ಶನ ಅಂದ್ರ ಇದಪಾ!"

ಸಭೆ ಚಪ್ಪಾಳೆ ತಟ್ಟಿತು. ನಮಗೆ ಪಾಠ ಹೇಳಿದವರೂ ತಟ್ಟಿದರು.

ವಂದನಾರ್ಪಣೆ ಸೌಂದರ್ಯಾಳದು. ಅದೂ ಒಂದು ಚಟುವಟಿಕೆ, ವರ್ಷವಿಡೀ ಅದನ್ನೂ ಅವಳೇ ಮಾಡಿದ್ದಳು. ಈರಪ್ಪ ಸರ್ ಬರೆದುಕೊಟ್ಟ ಚೀಟಿಯನ್ನು ಅವಳು ಮಡಚಿ ಹಿಡಿದುಕೊಂಡೇ ಮೈಕಿನ ಹತ್ತಿರ ಹೋದಳು. ಚೀಟಿ ತೆರೆಯಲಿಲ್ಲ.

"ವೇದಿಕೆಯ ಮೇಲಿರುವ ಗಣ್ಯರೇ, ಎಲ್ಲರಿಗೂ ವಂದನೆಗಳು. ನನ್ನ ಮಾರ್ಗದರ್ಶಕರಾದ ಸಂಗನಬಸವ ಅವರಿಗೆ ವಂದನೆಗಳು. ಅವರು ನನ್ನ ಹೊಲ ಕೇಳಿದರು, ಪೈಕಿ ಕೇಳಿದರು, ರೊಟ್ಟಿ ಕೇಳಿದರು. ಏನು ಓದುತ್ತೀಯಾ ಎಂದು ಮಾತ್ರ ಕೇಳಲಿಲ್ಲ. ಪ್ರಬಂಧವನ್ನು ಓದದೆಯೇ ಸಹಿ ಹಾಕಿದ್ದಕ್ಕೆ ವಂದನೆಗಳು."

ಯಾರೋ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅವಳು ಮಾತು ಮುಂದುವರಿಸಿದಳು.

"ಮನೆಭೇಟಿ ಎಂದು ಕರೆದುಕೊಂಡು ಹೋಗಿ, ಉಡಿ ತುಂಬಿಸಿ, ಫೋಟೋ ತೆಗೆದು, ನಾನು ಒಪ್ಪಿದ್ದೇನೆ ಎಂದು ನಮ್ಮಪ್ಪನಿಗೆ ಫೋನ್ ಮಾಡಿದ ಈರಪ್ಪ ಸರ್ ಅವರಿಗೆ ವಂದನೆಗಳು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಲ್ಲೆ ಅಂತಿದ್ದೆ. ಈಗ ಹೇಳ್ತೀನಿ, ಒಲ್ಲೆ. ಸೋಮವಾರ ಧಾರವಾಡದಲ್ಲಿ ನನ್ನ ಪ್ರಬಂಧ ಮಂಡನೆ ಇದೆ, ನಾನು ಅಲ್ಲಿಗೆ ಹೋಗುತ್ತೇನೆ. ಇಲ್ಲಿಗೆ ವಂದನಾರ್ಪಣೆ ಮುಗಿಯಿತು."

ವಂದನಾರ್ಪಣೆ ಮುಗಿಯಿತು ಎಂಬ ಮಾತು ಕಿವಿಗೆ ಬಿದ್ದೊಡನೆ ಮೈಕಿನವನು ಎಂದಿನ ರೂಢಿಯಂತೆ ರಾಷ್ಟ್ರಗೀತೆ ಹಚ್ಚಿಬಿಟ್ಟ. ಎಲ್ಲರೂ ಎದ್ದು ನಿಂತರು. ಸಂಗನಬಸವ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು ಹಾಕಿಕೊಂಡು, ಕೆಂಪಾದ ಮುಖ ಹೊತ್ತು ನೆಟ್ಟಗೆ ನಿಂತರು. ಬಾಯಿ ತೆರೆಯುವಂತಿಲ್ಲ, ಕೆಳಗಿಳಿದು ಹೋಗುವಂತಿಲ್ಲ. ಈರಪ್ಪ ಸರ್ ಕಣ್ಣಿನಲ್ಲೇ ಸೌಂದರ್ಯಾಳನ್ನು ಸುಡುತ್ತಿದ್ದರು. ಅವಳು ಕೈ ಕೆಳಗೆ ಬಿಟ್ಟು ಎದುರಿನ ಗೋಡೆ ನೋಡುತ್ತಿದ್ದಳು.

ಗೀತೆ ಮುಗಿದದ್ದೇ ಗದ್ದಲ ಎದ್ದಿತು. ಸೊಕ್ಕು ನೋಡ್ರಿ, ಓದಿಸಿದ್ದಕ್ಕ ಹಿಂಗ, ಎಂದು ಸಂಗನಬಸವ ಅವರ ಮನೆಯಿಂದ ಬಂದಿದ್ದ ರೇಷ್ಮೆ ಸೀರೆಯವರು ಗಟ್ಟಿಯಾಗಿಯೇ ಅಂದರು. ಶಿದ್ಲಿಂಗಪ್ಪ ಕಾಕಾ ಮಗಳ ಕಡೆ ನೋಡಲಿಲ್ಲ. ನೇರವಾಗಿ ವೇದಿಕೆ ಹತ್ತಿ, ಸಂಗನಬಸವ ಅವರ ಮುಂದೆ ನಿಂತು ಟೋಪಿ ತೆಗೆದು ಕೈ ಮುಗಿದರು.

"ತಪ್ಪಾತ್ರಿ ಅಣ್ಣಾರ. ಹುಡುಗಿ ಸಣ್ಣಾಕಿ. ಹೊಟ್ಟ್ಯಾಗ ಹಾಕ್ಕೋರಿ."

ಅಷ್ಟು ಹೊತ್ತು ನೋಡಿದ್ದರಲ್ಲೆಲ್ಲ ನನಗೆ ಹೆಚ್ಚು ಅಸಹ್ಯವಾದದ್ದು ಅದೇ. ತನಗೆ ಮೋಸ ಮಾಡಿದವನ ಮುಂದೆಯೇ ಆ ಮನುಷ್ಯ ಬಾಗಿ ನಿಂತಿದ್ದ. ಸಂಗನಬಸವ ಕ್ಷಮಿಸುವ ಧಾಟಿಯಲ್ಲಿ ಅವರ ಹೆಗಲ ಮೇಲೆ ಕೈ ಇಡಲು ಹೊರಟರು. ಅಷ್ಟರಲ್ಲಿ ಸೌಂದರ್ಯಾ ಬಂದು ಅಪ್ಪನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದಳು.

"ಕೈ ಇಳಸ ಅಪ್ಪಾ. ನೀ ಏನ್ ತಪ್ಪ ಮಾಡೀದಿ?"

"ನೀ ಒಪ್ಪಿರಲಿಲ್ಲೇನು?" ಎಂದು ಕೇಳಿದರು ಕಾಕಾ. ಮದುವೆಯ ವಿಷಯದಲ್ಲಿ ಅಪ್ಪ ಮಗಳನ್ನು ಕೇಳಿದ ಮೊದಲ ಮಾತು ಅದು.

"ಇಲ್ಲ ಅಪ್ಪಾ. ಅವ್ವಗ ಹೇಳಿದ್ದೆ."

ಕಾಕಾ ಈರಪ್ಪ ಸರ್ ಕಡೆ ತಿರುಗಿದರು.

"ಸರಽ, ಹುಡುಗಿ ತಾನಽ ಬಾಯಿ ಬಿಟ್ಟು ಹೂಂ ಅಂದಾಳ ಅಂತ ನೀವು ಹೇಳಿದ್ರಿ."

"ಈಗ ಅದೆಲ್ಲಾ ಯಾಕ್ರಿ ಯಜಮಾನ್ರ?" ಈರಪ್ಪ ಸರ್ ಅವರ ತೋಳು ಹಿಡಿದು ಪಂಗತಿಯ ಕಡೆ ನಡೆಸಲು ನೋಡಿದರು. "ಹೋಳಿಗಿ ಆರಾಕತ್ತಾವ. ಮೊದ್ಲ ಊಟಾ ಮಾಡೂಣು ಬರ್ರಿ, ಆಮ್ಯಾಲೆ ಕುಂತ ಮಾತಾಡೂಣು."

ಬೀಗರಾಗುವವರು ಹಾಕಿಸಿದ ಊಟ. ಎಲೆ ಹಾಕಿ ಕರೆದರೆ ಒಲ್ಲೆ ಎನ್ನುವುದೆಂದರೆ ಸಂಬಂಧ ಮುರಿದಂತೆ, ಅದಕ್ಕಿಂತ ದೊಡ್ಡ ಮಾತು ನಮ್ಮ ಕಡೆ ಇಲ್ಲ. ಸಂಗನಬಸವ ಕಾಯುತ್ತ ನಿಂತಿದ್ದರು. ರೇಷ್ಮೆ ಸೀರೆಯವರೂ ನೋಡುತ್ತಿದ್ದರು.

ಶಿದ್ಲಿಂಗಪ್ಪ ಕಾಕಾ ತೋಳು ಬಿಡಿಸಿಕೊಂಡು ಟೋಪಿ ಹಾಕಿಕೊಂಡರು.

"ನಿಮ್ಮ ಊಟಾ ಬ್ಯಾಡ್ರಿ," ಎಂದರು. "ನಡಿ ಯವ್ವಾ, ಹೋಗೂಣು."