ತಡೆಹಿಡಿಯುವ ಪ್ರೋಟೀನು

ಸಜ್ಜಕದ ಹೋಳಿಗೆಯ ವಾಸನೆ ತಲೆಗೇರುತ್ತಿದೆ, ತಂಗಿ ನಾಗವೇಣಿಯ ಏಳು ತಿಂಗಳ ಬಸಿರಿನ ಕುಬಸಕ್ಕೆ ಕಮತಗಿಯ ಅರ್ಧ ಊರೇ ಬಂದಿದೆ, ಎಲ್ಲರಿಗೂ ಬಾಯಿದೆ, ತಲೆ ಒಬ್ಬರಿಗೂ ಇಲ್ಲ ಎಂದುಕೊಂಡಳು ನೇತ್ರಾ, ತಂಗಿಯ ಅತ್ತೆ ಗುರುಸಿದ್ದವ್ವ ಗುಳೇದಗುಡ್ಡದ ಖಣವನ್ನು ಬೆರಳಲ್ಲಿ ಉಜ್ಜಿ ಉಜ್ಜಿ ರೇಷ್ಮೆ ಹೌದೋ ಅಲ್ಲವೋ ನೋಡುತ್ತಿದ್ದಾಳೆ, ಈಕೆಗೆ ಪರೀಕ್ಷೆ ಮಾಡಲು ತಿಳಿದದ್ದು ಅದೊಂದೇ — ಮೂಲೆಯಲ್ಲಿ ನೇತ್ರಾಳ ಆರು ವರ್ಷದ ಮಗ ಸಂಗಮೇಶ ಯಾರ ಮುಖವನ್ನೂ ನೋಡದೆ ಕೈ ಪಟಪಟ ಬಡಿಯುತ್ತಿದ್ದಾನೆ, ಇವಂಗ ಯಾರದರ ದೃಷ್ಟಿ ಆಗೇತವ್ವಾ, ಕೂಡಲಸಂಗಮಕ್ಕ ಕರ್ಕೊಂಡು ಹೋಗಿ ಮುಳುಗಿಸ್ಕೊಂಡು ಬಾ, ಅಂದಳು ಗುರುಸಿದ್ದವ್ವ, ದೃಷ್ಟಿಯಂತೆ, ಮುಳುಗಿಸಬೇಕಂತೆ, ಬಾಗಲಕೋಟೆಯ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ನೇತ್ರಾ ಬರೆಸುತ್ತಿರುವುದೇ ಬೇರೆ, ಬರ್ಕೊಳ್ರಿ, ಜೀನಿನಿಂದ ಬಂದ ಆರ್‌ಎನ್‌ಎಯನ್ನು ಕೆಲವು ಪ್ರೋಟೀನುಗಳು ಹಿಡಿದುಕೊಳ್ಳುತ್ತವೆ, ಯಾವುದು ಕೆಲಸಕ್ಕೆ ಹೋಗಬೇಕು, ಯಾವುದು ಕಾಯಬೇಕು, ಯಾವುದು ಒಡೆದು ಹೋಗಬೇಕು ಎಂಬುದು ಇವುಗಳ ಕೈಯಲ್ಲಿ, ಮಿದುಳಿನಲ್ಲಿ ಅಂಥದ್ದೊಂದು ಇದೆ, ಹೊತ್ತು ಬರುವ ತನಕ ತಡೆಹಿಡಿಯುತ್ತದೆ, ಅದಿಲ್ಲದಿದ್ದರೆ ಬೇಡದ ಹೊತ್ತಿನಲ್ಲಿ ಬೇರೆ ಪ್ರೋಟೀನುಗಳು ಬೇಡದಷ್ಟು ತಯಾರಾಗುತ್ತವೆ, ಎರಡು ಮಾರ್ಕಿನ ಪ್ರಶ್ನೆ — ಆ ಎರಡು ಮಾರ್ಕು ಮನೆಯಲ್ಲೇ ಕೈ ಬಡಿಯುತ್ತಿದ್ದರೂ ಮೇಡಮ್ಮನವರಿಗೆ ತಿಳಿಯಲಿಲ್ಲ, ರಕ್ತದ ರಿಪೋರ್ಟು ಬರಬೇಕಾಯಿತು, ತಂಗಿಗೆ ಆಗ ಮೂರು ತಿಂಗಳು, ಮಗನ ಮೈ ಆ ಪ್ರೋಟೀನನ್ನೇ ಮಾಡುತ್ತಿಲ್ಲ, ದೋಷ ನೇತ್ರಾಳಿಂದ, ಬಹುಶಃ ಅವಳ ಅವ್ವನಿಂದ ಇಳಿದದ್ದು, ನಿಮ್ಮ ತಂಗಿಗೆ ಈಗಿಂದೀಗ ಹೇಳ್ರಿ, ನಾಲ್ಕು ತಿಂಗಳಿದ್ದಾಗ ಕೂಸಿನ ಪರೀಕ್ಷಾ ಮಾಡಿಸಬಹುದು, ಆಮ್ಯಾಲೆ ತಡ ಆಗ್ತೈತಿ, ಎಂದಿದ್ದರು ಡಾಕ್ಟರು.

ಹೇಳಲಿಲ್ಲ, ಹೇಳಿದರೆ ಈ ಹೆಂಗಸರ ಬಾಯಿಗೆ ನಮ್ಮ ತವರು ಸಿಗುತ್ತದೆ, ಆ ಮನಿ ರಕ್ತನ ಸರಿ ಇಲ್ಲ ಅಂತಾರೆ, ಇಂಥವರ ಮುಂದೆ ತಲೆ ತಗ್ಗಿಸುವುದೇ, ಛೀ — ಅಕ್ಕಾ, ಸಂಗೂಂದು ನನ್ನ ಕೂಸಿಗೂ ಬರ್ತೈತೇನು, ಆಗ ನಾಗವೇಣಿ ಫೋನಿನಲ್ಲಿ ಕೇಳಿದ್ದಳು, ಹುಚ್ಚಿ, ಹಂಗೇನಿಲ್ಲ, ಅಂವಗ ಮಾತು ತಡ ಅಷ್ಟ, ಎಂದಿದ್ದಳು ಇವಳು, ದನಿ ಕೂಡ ನಡುಗಿರಲಿಲ್ಲ, ಗುರುಸಿದ್ದವ್ವನಿಗಾದರೆ ಗೊತ್ತಿಲ್ಲ, ಗೊತ್ತಿದ್ದವಳು ನೀನೊಬ್ಬಳೇ, ಥೂ ನಿನ್ನ ಓದಿಗೆ — ಅಕ್ಕಾ, ಇಲ್ಲಿ ಬಾ, ಒದಿಯಾಕತ್ತೈತಿ, ಕೈ ಇಡು, ನೀ ಅವತ್ತ ಹೇಳಿದ ಮ್ಯಾಲೆ ನಾ ಆರಾಮ ನಿದ್ದಿ ಮಾಡಾಕತ್ತೀನಿ ನೋಡು, ನಾಗವೇಣಿ ಇವಳ ಅಂಗೈಯನ್ನು ಹೊಟ್ಟೆಯ ಮೇಲೆ ಒತ್ತಿಕೊಂಡಳು, ಈಗ ಏಳು ತಿಂಗಳು, ಏಳು ತುಂಬಿತು, ಅಂಗೈಯ ಕೆಳಗೆ ಪುಟ್ಟ ಹಿಮ್ಮಡಿಯಷ್ಟು ಉಬ್ಬು, ಎದ್ದಿತು, ಇಳಿಯಿತು, ಮತ್ತೆ ಅದೇ ಉಬ್ಬು, ಅಂಗೈಯ ಕೆಳಗೆ, ಮತ್ತೆ